ಗರ್ಭಿಣಿ ಅಜ್ಜ ಮತ್ತು ಇತರ ಇಪ್ಪತ್ತೆರಡು ಜನ

ಅಕ್ಕನನ್ನು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ನಾವಿಬ್ಬರೂ ಎಂಬತ್ತೊಂದು ವರ್ಷದ ಒಬ್ಬ ಗರ್ಭಿಣಿ ಅಜ್ಜನ ವಿಷಯಕ್ಕೆ ಜಗಳವಾಡಿದ್ದೆವು. ಮನೆಯವರನ್ನು ಕಳೆದುಕೊಂಡವರು ಕೊನೆಯ ದಿನ ಏನು ಮಾತಾಡಿದೆವು ಎಂದು ನೆನಪು ಮಾಡಿಕೊಳ್ಳುತ್ತಾರೆ. ಕೆಲವರ ಪಾಲಿಗೆ ಒಳ್ಳೆಯ ಮಾತು ಬಂದಿರುತ್ತದೆ. ನನ್ನ ಪಾಲಿಗೆ ಬಂದದ್ದು ಈ ಅಜ್ಜ. ಗದಗಿನಿಂದ ಬಂದ ಸಂಬಂಧಿಕರು ಕೇಳಿದಾಗ, "ಏನಿಲ್ಲ, ಹಿಂಗ ಮನಿ ಮಾತು" ಎಂದು ತೇಲಿಸಿಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದುಕೊಂಡು ಒಬ್ಬರನ್ನು ನನ್ನ ಕಾವಲಿಗೆ ಬಿಟ್ಟು ಹೋಗುತ್ತಿದ್ದರು.

ಅದೊಂದು ಸಾಧಾರಣ ಬುಧವಾರ. ತಿರುವನಂತಪುರದ ಉಳ್ಳೂರಿನ ಹತ್ತಿರ ಅಕ್ಕನಿಗೆ ಕೊಟ್ಟಿದ್ದ ಸರಕಾರಿ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದದ್ದು. ಅಕ್ಕ ಕೇಂದ್ರ ಸರಕಾರದ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ನಾನು ಡಿಪ್ಲೊಮಾ ಮುಗಿಸಿ ಇಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿತೆಂದು ಒಂದು ಸೂಟ್‌ಕೇಸ್ ಹಿಡಿದು ಬಂದವನು, ರೂಮು ಸಿಗುವ ತನಕ ಇರುತ್ತೇನೆ ಎಂದಿದ್ದೆ. ಹನ್ನೊಂದು ವರ್ಷವಾದರೂ ರೂಮು ಸಿಕ್ಕಿರಲಿಲ್ಲ. ಹುಡುಕಿದ್ದರೆ ಸಿಗುತ್ತಿತ್ತು. ಅಕ್ಕ ಸಂಜೆ ಬಂದು ಚಹಾ ಕುಡಿದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತು ಆ ದಿನ ಬರೆದ ಪರೀಕ್ಷೆಗಳನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಬೇರೆ ಮನೆಗಳಲ್ಲಿ ಆ ಹೊತ್ತಿಗೆ ಟಿವಿ ಧಾರಾವಾಹಿ ನಡೆಯುತ್ತಿತ್ತು. ನಮ್ಮಲ್ಲಿ ಇದು.

ಯಾವ ಪರೀಕ್ಷೆ ಎಂದು ಹೇಳಬೇಕು. ನಮ್ಮ ಕಂಪನಿ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಒಂದು ಪ್ರೋಗ್ರಾಂ ಮಾಡುತ್ತದೆ. ಬಂದವರ ವಯಸ್ಸು, ಗಂಡೋ ಹೆಣ್ಣೋ, ಗರ್ಭಿಣಿಯೋ, ದೂರದಿಂದ ಬಂದಿದ್ದಾರೋ, ಮೊದಲ ಸಲವೋ ಎರಡನೇ ಸಲವೋ ಎಂಬುದನ್ನು ಕೌಂಟರಿನಲ್ಲಿ ಟಿಕ್ ಮಾಡಿದರೆ, ಅವರು ಯಾವ ಕ್ಯೂನಲ್ಲಿ ನಿಲ್ಲಬೇಕೆಂದು ಪ್ರೋಗ್ರಾಂ ಹೇಳುತ್ತದೆ. ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಲು ಇನ್ನೊಂದು ಪುಟ್ಟ ಪ್ರೋಗ್ರಾಂ ಬರೆಯುತ್ತೇವೆ. ಅದೇ ಪರೀಕ್ಷೆ. ಒಂದೇ ಪರೀಕ್ಷೆಯನ್ನು ಇಪ್ಪತ್ತಮೂರು ಸಲ ನಕಲು ಮಾಡುವ ಬದಲು ಒಂದು ಸಲ ಬರೆದು, ಅದರ ಜೊತೆ ಇಪ್ಪತ್ತಮೂರು ಸಾಲಿನ ಪಟ್ಟಿ ಇಡುವುದುಂಟು. ಒಂದೊಂದು ಸಾಲಿನಲ್ಲೂ ಕೊಟ್ಟ ವಿವರ, ಬರಬೇಕಾದ ಉತ್ತರ. ಇದಕ್ಕೆ ಪ್ಯಾರಾಮೀಟರೈಸ್ಡ್ ಟೆಸ್ಟ್ ಎಂದು ಹೆಸರು. ಹೆಸರೇ ಬಾಯಲ್ಲಿ ಕಲ್ಲು ಸಿಕ್ಕಿದ ಹಾಗಿದೆ. ಪಟ್ಟಿಯೂ ಹಾಗೇ ಇರುತ್ತದೆ: "ಎಪ್ಪತ್ತೆರಡು, ಹೆಣ್ಣು, ಇಲ್ಲ, ಇಲ್ಲ, ಹೌದು, ಎರಡು." ಬರೆದವನಿಗೆ ಬರೆದ ದಿನ ಅರ್ಥವಾಗುತ್ತದೆ. ಮೂರು ತಿಂಗಳ ಮೇಲೆ "ಹದಿನಾಲ್ಕನೇ ಸಾಲು ತಪ್ಪಾಗಿದೆ" ಎಂದು ಕಂಪ್ಯೂಟರ್ ಹೇಳಿದಾಗ, ಆ ಎರಡನೆಯ 'ಇಲ್ಲ' ಯಾತಕ್ಕೆ ಇಲ್ಲ ಎಂದು ಬರೆದವನೇ ಬೆರಳಿಟ್ಟು ಎಣಿಸುತ್ತಾ ಕೂರಬೇಕು.

ಅಕ್ಕನಿಗೆ ಸಾಫ್ಟ್‌ವೇರ್ ಗೊತ್ತಿರಲಿಲ್ಲ. ಆದರೆ ಮೊದಲ ದಿನ ನಾನು ಈ ತರಹದ ಸಾಲೊಂದನ್ನು ಓದಿದಾಗ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಯಾರಕಿ?" ಎಂದಳು.

"ಯಾರೂ ಅಲ್ಲಕ್ಕಾ, ಬರೇ ನಂಬರ."

"ನಂಬರಿಗೆ ಎಪ್ಪತ್ತೆರಡು ವರ್ಷ ಹೆಂಗ ಆಗ್ತಾವೋ?"

ಅವಳ ಕೆಲಸವೂ ಒಂದು ರೀತಿಯಲ್ಲಿ ಇದೇ ಆಗಿತ್ತು. ಕಚೇರಿಗೆ ಬರುವ ಪ್ರತಿ ಕಾಗದವನ್ನು ಒಡೆದು ಓದಿ ಯಾವ ಟೇಬಲ್ಲಿಗೆ ಹೋಗಬೇಕೆಂದು ರಿಜಿಸ್ಟರಿನಲ್ಲಿ ಬರೆಯುವುದು. "ಮೂರ ಪ್ರಶ್ನೆ ನೋಡು," ಎನ್ನುತ್ತಿದ್ದಳು. "ಯಾರು ಬರದಾರ, ಏನ್ ಕೇಳ್ಯಾರ, ಎಲ್ಲಿಗೆ ಹೋಗಬೇಕು. ಇಷ್ಟು ಬರದ್ರ ನಾನು ರಜಾ ಹಾಕಿದ್ರೂ ಕೆಲಸ ನಡೀತೈತಿ." ಬೈಗುಳದ ಕಾಗದಗಳನ್ನು ಅರ್ಜಿಗಳ ಜೊತೆ ಸೇರಿಸಬಾರದು ಎನ್ನುವುದು ಅವಳ ಇನ್ನೊಂದು ನಿಯಮ. ಅದನ್ನು ಕೇಳಿಯೇ ನಾನು ಸರಿಯಾದ ವಿವರಗಳ ಪಟ್ಟಿಯನ್ನೂ ತಪ್ಪು ವಿವರಗಳ ಪಟ್ಟಿಯನ್ನೂ ಬೇರೆಬೇರೆ ಮಾಡಿದೆ. ಇದನ್ನೇ ಕಲಿಸಲು ನಮ್ಮ ಕಂಪನಿಯವರು ಎರಡು ದಿನದ ತರಬೇತಿ ಇಟ್ಟು ಮಧ್ಯಾಹ್ನ ಬಿರಿಯಾನಿ ಹಾಕಿಸಿದ್ದರು. ಅಕ್ಕ ರೊಟ್ಟಿ ಬಡಿಯುತ್ತಾ ಹೇಳಿಬಿಟ್ಟಳು.

ಆಮೇಲೆ ಅದೊಂದು ಆಟವಾಯಿತು. ನಾನು ಸಾಲು ಓದುವುದು, ಅಕ್ಕ ಅದು ಯಾರೆಂದು ಹೇಳುವುದು, ನಾನು ಆ ಹೆಸರನ್ನು ಸಾಲಿನ ತಲೆಗೆ ಬರೆಯುವುದು. ಎಪ್ಪತ್ತೊಂದು ವಯಸ್ಸಿನ ಸಾಲು "ಮೊಣಕಾಲು ನೋವಿನ ಶಾಂತವ್ವ ದೊಡ್ಡವ್ವ" ಆಯಿತು. ದೂರದಿಂದ ಬಂದವರ ಸಾಲಿಗೆ "ವಿಳಿಂಜಂದ ಲಿಲ್ಲಿ ಚೇಚಿ, ಮೊದಲ ಬಸ್ಸು ತಪ್ಪಿಸಿಕೊಂಡಾಳ" ಎಂದು ಹೆಸರು ಬಿತ್ತು. ಚೇಚಿ ಎಂದರೆ ಅಕ್ಕ; ಲಿಲ್ಲಿ ಚೇಚಿ ವಿಳಿಂಜಂ ಎಂಬ ಕಡಲೂರಿನಿಂದ ಬಂದು ನಮ್ಮ ಗೇಟಿನ ಮುಂದೆ ಮೀನು ಮಾರುವವಳು. ಅಕ್ಕ ಮೀನು ತಿನ್ನುವವಳಲ್ಲ. ಆದರೂ ದಿನಾ ಹತ್ತು ನಿಮಿಷ ನಿಂತು ಯಾವ ಮೀನು ಹೇಗೆ ಎಂದು ವಿಚಾರಿಸುತ್ತಿದ್ದಳು. ಅಕ್ಕನ ಮಲಯಾಳಂ ಕೇಳಿದ ಮಲಯಾಳಿಗಳು ಅದನ್ನು ತಮಿಳು ಎಂದುಕೊಳ್ಳುತ್ತಿದ್ದರು, ತಮಿಳರು ತೆಲುಗು ಎಂದುಕೊಳ್ಳುತ್ತಿದ್ದರು, ಲಿಲ್ಲಿ ಚೇಚಿ ಮಾತ್ರ ಏನೂ ಅಂದುಕೊಳ್ಳದೆ ಉತ್ತರ ಕೊಡುತ್ತಿದ್ದಳು. ಅರವತ್ತೆರಡರ ಸಾಲು ನಮ್ಮ ಶಾಲೆಯ ಪರಮೇಶಿ ಮಾಸ್ತರದು. ಅರವತ್ತೈದು ತುಂಬಿದವರಿಗೆ ಕುರ್ಚಿ ಇರುವ ಹಿರಿಯರ ಕ್ಯೂ, ಅದಕ್ಕೆ ಕಡಿಮೆಯಿದ್ದರೆ ಸಾಮಾನ್ಯ ಕ್ಯೂ. ಮಾಸ್ತರ ಕೈಯಲ್ಲಿ ಒಂದು ಕಾಲದಲ್ಲಿ ಇಬ್ಬರೂ ಪೆಟ್ಟು ತಿಂದಿದ್ದೆವು. ಅಕ್ಕ ಯೋಚನೆ ಕೂಡ ಮಾಡಲಿಲ್ಲ. "ಇನ್ನೂ ಗಟ್ಟಿ ಅದಾರ, ನಿಂದರಲಿ" ಎಂದಳು. ಹಾಗೇ ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನೇ ಬರೆಯುತ್ತಿದ್ದೆ. ಕಂಪ್ಯೂಟರಿಗೆ ಭಾಷೆಯ ಹಟವಿಲ್ಲ, ಹೆಸರು ಯಾವುದಾದರೂ ಅದಕ್ಕೆ ಒಂದೇ. ತಿರುವನಂತಪುರದಲ್ಲಿ ಆ ಭಾಗವನ್ನು ನೋಡಿಕೊಳ್ಳುವವನು ನಾನೊಬ್ಬನೇ ಆದ್ದರಿಂದ ಯಾರೂ ಕೇಳಲಿಲ್ಲ. ಓದಲು ಸುಲಭವಾದ ಪರೀಕ್ಷೆ ಬರೆಯುವವನು ಎಂದು ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬೆಳೆಯುತ್ತಿತ್ತು.

ಆ ಬುಧವಾರ ಜಗಳ ಬಂದದ್ದು ತಪ್ಪು ವಿವರಗಳ ಪಟ್ಟಿಯಲ್ಲಿ. ಎಂಬತ್ತೊಂದು, ಗಂಡು, ಗರ್ಭಿಣಿ: ಹೌದು. ಬರಬೇಕಾದ ಉತ್ತರ: ತಿರಸ್ಕರಿಸಿ. ಇದನ್ನು ಓದಿದಾಗ ಅಕ್ಕ ಮೊದಲು ನಕ್ಕಳು.

"ಅಂಥಾಂವ ಬಂದ್ರ ಕ್ಯೂ ಯಾಕೋ, ಹಾರ ಹಾಕಿ ಒಳಗ ಕರೀರಿ."

"ಅದಕ್ಕಽ ತಿರಸ್ಕಾರ ಅಂತ ಬರದೀನಿ. ಅಂಥಾಂವ ಇರೂದಿಲ್ಲಲ್ಲ."

ಅಕ್ಕನ ನಗು ನಿಂತಿತು. "ಅಲ್ಲೋ ಬಸೂ, ಅಜ್ಜ ಇದ್ದಾನ. ಕೌಂಟರಿನ್ಯಾಗ ಕುಂತಾಕಿ ಟಿಕ್ ತಪ್ಪಿ ಹಾಕ್ಯಾಳ. ಆಕಿ ಮಾಡಿದ ತಪ್ಪಿಗೆ ಮುದುಕನ್ನ ಯಾಕ ಹೊರಗ ಹಾಕ್ತಿ?"

"ಅಕ್ಕಾ, ಖರೇ ಅಜ್ಜ ಅಲ್ಲ."

"ಖರೇ ಅಲ್ಲಂದ್ರ ವಯಸ್ಸು ಯಾಕ ಕೊಟ್ಟಿ?"

ನಾನು ನಿಯಮ ಹೇಳಿದೆ, ಅವಳು ಅಜ್ಜನ ಪರವಾಗಿ ಹೇಳಿದಳು. ಕೊನೆಗೆ, "ನಿನಗ ಏನ್ ಗೊತ್ತಾಗತೈತಿ ಇದರಾಗ" ಎಂದುಬಿಟ್ಟೆ. "ಹೌದಪಾ, ನನಗ ಟಪಾಲ ಒಡಿಯೂದಷ್ಟ ಗೊತ್ತು" ಎಂದು ಅವಳು ಹಿಟ್ಟಿನ ಕೈ ತೊಳೆದಳು. ಆಮೇಲೆ ಊಟಕ್ಕೆ ಕರೆದಳು. ಶೇಂಗಾ ಚಟ್ನಿ ಖಾರವಾಗಿತ್ತು. ಅಷ್ಟೇ.

ಮರುದಿನ ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದಳು. ಡಬ್ಬಿಗೆ ಮುಚ್ಚಳ ಹಾಕುತ್ತಿದ್ದವಳು ಅಲ್ಲೇ ನೆಲಕ್ಕೆ ಕೂತಳು. ಉಳ್ಳೂರಿನ ಸುತ್ತ ಆಸ್ಪತ್ರೆಗಳಿಗೆ ಬರವಿಲ್ಲ, ಹತ್ತು ನಿಮಿಷದಲ್ಲಿ ಒಂದರಲ್ಲಿದ್ದೆವು. ನಮಗೆ ಕ್ಯೂ ಇರಲಿಲ್ಲ, ನೇರ ಒಳಗೆ ಕರೆದುಕೊಂಡರು. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು. ಗುರುವಾರ, ಶುಕ್ರವಾರ, ಶನಿವಾರ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೇ ಹೊರರೋಗಿಗಳ ಹಾಲ್. ವೃತ್ತಿಯ ಚಟ, ಕ್ಯೂ ನೋಡುತ್ತಿದ್ದೆ. ನಮ್ಮ ಪಟ್ಟಿಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದರು, ಗರ್ಭಿಣಿ ಅಜ್ಜನೊಬ್ಬನನ್ನು ಬಿಟ್ಟು. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಒಳಗೆ ಕರೆದರು. ಅಕ್ಕನಿಗೆ ಐವತ್ತಾರು.

ಕ್ವಾರ್ಟರ್ಸ್ ಅಕ್ಕನ ನೌಕರಿಗೆ ಕೊಟ್ಟದ್ದು, ನನಗಲ್ಲ. ಬಿಟ್ಟುಕೊಟ್ಟೆ. ಕೊಚ್ಚಿಯ ಶಾಖೆಗೆ ವರ್ಗ ಕೇಳಿದೆ, ಕೊಟ್ಟರು. ಕಲೂರಿನಲ್ಲಿ ಒಂದು ಅಂಗಡಿಯ ಮೇಲಿನ ರೂಮು, ಹುಡುಕಿದ ಮೊದಲ ದಿನವೇ ಸಿಕ್ಕಿತು. ಸ್ಟೇಡಿಯಂನಲ್ಲಿ ಪಂದ್ಯವಿದ್ದ ದಿನ ಇಡೀ ಬೀದಿ ಹಳದಿ ಅಂಗಿ ಹಾಕಿಕೊಂಡು ಕೂಗುತ್ತದೆ, ಉಳಿದ ದಿನ ಬಸ್ಸುಗಳು ಕೂಗುತ್ತವೆ. ರೊಟ್ಟಿ ಬಿಟ್ಟು ಪುಟ್ಟು ಕಡಲೆಗೆ ಹೊಂದಿಕೊಂಡೆ. ಕೆಲಸ ಮಾಡಿದೆ. ಕೊಚ್ಚಿಗೆ ಬಂದ ಮೇಲೆ ಬರೆದ ಹೊಸ ಪಟ್ಟಿಗಳಲ್ಲಿ ಸಾಲುಗಳ ಹೆಸರು 'ಹೊಸದು', 'ಹೊಸದು ಎರಡು', 'ಹೊಸದು ಖರೇ' ಎಂದಿವೆ. ಯಾರೂ ನನ್ನನ್ನು ಬೈಯಲಿಲ್ಲ. ದುಃಖದಲ್ಲಿರುವವನನ್ನು ಇಲ್ಲಿನ ಜನ ಬೈಯುವುದಿಲ್ಲ, ಚಹಾ ತಂದುಕೊಡುತ್ತಾರೆ.

ತೊಂದರೆ ಶುರುವಾದದ್ದು ಆಸ್ಪತ್ರೆಯವರು ನಿಯಮ ಬದಲಿಸಿ, ಹಿರಿಯರ ವಯಸ್ಸನ್ನು ಅರವತ್ತೈದರಿಂದ ಅರವತ್ತಕ್ಕೆ ಇಳಿಸಿದಾಗ. ನಮ್ಮ ತಂಡಕ್ಕೆ ಹೊಸದಾಗಿ ಬಂದಿದ್ದ ಅಂಜು ಎಂಬ ಹುಡುಗಿ ಪ್ರೋಗ್ರಾಮನ್ನು ಬದಲಿಸಿ ಪರೀಕ್ಷೆ ಓಡಿಸಿದಳು. ಪರದೆಯ ಮೇಲೆ ಕೆಂಪಗೆ ಒಂದು ಸಾಲು ಬಂತು: ಅರವತ್ತೆರಡರ ಪರಮೇಶಿ ಮಾಸ್ತರ, ಇನ್ನೂ ಗಟ್ಟಿ ಅದಾರ, ನಿಂದರಲಿ — ವಿಫಲ.

ಅಂಜು ಮಾತಾಡುವುದು ಅರ್ಧ ಮಲಯಾಳಂ, ಅರ್ಧ ಇಂಗ್ಲಿಷ್, ನನ್ನನ್ನು ಕರೆಯುವುದು ಚೇಟ್ಟಾ, ಅಂದರೆ ಅಣ್ಣಾ, ಎಂದು. ಅವಳು ನನ್ನ ಕುರ್ಚಿಯ ಹತ್ತಿರ ಬಂದು ಬಹಳ ಮೆಲ್ಲಗೆ ಕೇಳಿದಳು: "ಚೇಟ್ಟಾ, ಈ ಪರಮೇಶಿ ಯಾರು? ರೋಗಿಗಳ ದಾಖಲೆಯಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ."

"ಅವರು ನಮ್ಮ ಮೂರನೇ ಕ್ಲಾಸಿನ ಮಾಸ್ತರು."

"ಅವರಿಗೇನು ಕಾಯಿಲೆ?"

"ಕಾಯಿಲೆ ಇಲ್ಲ, ತೀರಿಕೊಂಡು ಹತ್ತು ವರ್ಷವಾಯಿತು."

ಅಂಜು ನೇರ ಹೋಗಿ ನಮ್ಮ ತಂಡದ ಮುಖ್ಯಸ್ಥೆ ರೇಖಾ ಮೇಡಂ ಅವರನ್ನು ಕರೆತಂದಳು. ಮೇಡಂ ಇಪ್ಪತ್ತಮೂರು ಸಾಲುಗಳನ್ನೂ ಮೇಲಿಂದ ಕೆಳಗೆ ಓದಿದರು. ಅವರು ಕಣ್ಣೂರಿನವರು, ಕನ್ನಡ ಅಲ್ಪಸ್ವಲ್ಪ ತಿಳಿಯುತ್ತದೆಯಂತೆ, ಆದರೆ ಅವರಿಗೆ ತಿಳಿಯುವ ಕನ್ನಡ ಗದಗಿನದಲ್ಲ.

"ಬಸವರಾಜ್, ಇವರೆಲ್ಲ ನಿಜವಾದ ಜನರಾ? ರೋಗಿಗಳ ಹೆಸರು ಪರೀಕ್ಷೆಯೊಳಗೆ ಹಾಕುವ ಹಾಗಿಲ್ಲ, ಗೊತ್ತಲ್ಲ?"

"ರೋಗಿಗಳಲ್ಲ ಮೇಡಂ. ಒಬ್ಬರು ದೊಡ್ಡಮ್ಮ, ಒಬ್ಬರು ಮೀನು ಮಾರುವವರು. ಇಬ್ಬರು ಮೂವರು ಈಗಿಲ್ಲ."

"ಇದನ್ನು ಓದಿ ನಾನು ಏನು ತಿಳಿದುಕೊಳ್ಳಬೇಕು?"

ಮೇಡಂ ಒಳ್ಳೆಯವರು, ದನಿ ತಗ್ಗಿಸಿದರು. "ನೀವು ಚೆನ್ನಾಗಿ ಬರೆಯುತ್ತೀರಿ ಅಂತ ತಿರುವನಂತಪುರದವರು ಹೇಳಿದ್ದರು. ಶುಕ್ರವಾರದೊಳಗೆ ಈ ಹೆಸರುಗಳನ್ನೆಲ್ಲ ತೆಗೆದುಬಿಡಿ. ನಿಮಗೆ ಹೊತ್ತಿಲ್ಲದಿದ್ದರೆ ಅಂಜು ಮಾಡಲಿ." ಅಂಜು ನನ್ನ ಮುಖ ನೋಡಿದಳು. ನಾನೇ ಮಾಡುತ್ತೇನೆ ಎಂದೆ.

ಹನ್ನೊಂದು ವರ್ಷದ ಮನೆಯಲ್ಲಿ ನನಗೆ ಉಳಿದದ್ದು ಒಂದು ರೊಟ್ಟಿ ಹಂಚು, ಎರಡು ಚಾದರ, ಮತ್ತು ಈ ಇಪ್ಪತ್ತಮೂರು ಹೆಸರು. ಹಂಚು ಮಾತಾಡುವುದಿಲ್ಲ. ಈ ಹೆಸರುಗಳು ಅಕ್ಕ ಆಡಿದ ಮಾತಿನಲ್ಲೇ ಇದ್ದವು, ಉಸಿರು ಸಹ ಅವಳದೇ. ದಿನಕ್ಕೆ ಹತ್ತು ಸಲ ಯಾರಾದರೊಬ್ಬರು ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಆ ಪರೀಕ್ಷೆ ಓಡಿಸಿದಾಗ ಪರದೆಯ ಮೇಲೆ ಶಾಂತವ್ವ ಬಂದು ಹೋಗುತ್ತಿದ್ದಳು. ಅದನ್ನು ಅಳಿಸುವುದು ನನ್ನ ಕೈಯಲ್ಲಿ ಆಗುವ ಕೆಲಸವೇ ಎಂದು ಬುಧವಾರವೆಲ್ಲ ಸುಮ್ಮನೆ ಕೂತಿದ್ದೆ. ಅಂಜು ಸಮಾಧಾನ ಹೇಳಿದಳು: "ಚೇಟ್ಟಾ, ಹಳೆಯದು ಎಲ್ಲೂ ಹೋಗುವುದಿಲ್ಲ. ನಾವು ಮಾಡಿದ ಪ್ರತಿ ಬದಲಾವಣೆಯೂ ದಾಖಲಾಗಿರುತ್ತದಲ್ಲ. ಯಾವಾಗ ಬೇಕಾದರೂ ತೆಗೆದು ನೋಡಬಹುದು." ನನಗೂ ಗೊತ್ತಿತ್ತು. ಹಳೆಯ ಪ್ರತಿ ಇರುತ್ತದೆ, ಆದರೆ ಓಡುವುದಿಲ್ಲ.

ಗುರುವಾರ ಶುರು ಮಾಡಿದೆ. ಮಾಡುತ್ತಾ ಹೋದಂತೆ ಒಂದು ಅವಮಾನ ಕಾದಿತ್ತು. ಪಟ್ಟಿ ಚೆನ್ನಾಗಿರಲಿಲ್ಲ. ಶಾಂತವ್ವ ದೊಡ್ಡವ್ವ ಮೂರು ಸಲ ಬಂದಿದ್ದಳು, ಅರವತ್ತೆಂಟರಲ್ಲಿ, ಎಪ್ಪತ್ತೊಂದರಲ್ಲಿ, ಎಪ್ಪತ್ತನಾಲ್ಕರಲ್ಲಿ. ಮೂರೂ ಸಲ ಹಿರಿಯರ ಕ್ಯೂ, ಪರೀಕ್ಷಿಸಿದ್ದು ಒಂದೇ ನಿಯಮವನ್ನು. ಅಕ್ಕನಿಗೆ ದೊಡ್ಡವ್ವನ ಮೊಣಕಾಲಿನ ಬಗ್ಗೆ ಮರುಕ, ಸಿಕ್ಕಿದ ಕಡೆಯಲ್ಲೆಲ್ಲ ಒಂದು ಕುರ್ಚಿ ಕೊಡಿಸಿದ್ದಳು. ನಾನು ತಲೆಯಾಡಿಸಿ ಬರೆದುಕೊಂಡಿದ್ದೆ. ಲಿಲ್ಲಿ ಚೇಚಿಗೂ ಎರಡು ಸಲ ಬಸ್ಸು ತಪ್ಪಿತ್ತು. ಹೀಗೆ ಆರು ಸಾಲು ಬರಿದೇ ಇದ್ದವು. ಅರವತ್ತೈದು ತುಂಬಿದ ದಿನವೇ ಬಂದವರು ಯಾವ ಕ್ಯೂಗೆ ಎಂಬ ಮುಖ್ಯವಾದ ಸಾಲಿಗೆ "ಚೆನ್ನಮ್ಮನ ಗಂಡ" ಎಂದಷ್ಟೇ ಬರೆದಿತ್ತು. ಚೆನ್ನಮ್ಮ ಯಾರೆಂದು ನನಗೇ ನೆನಪಾಗಲಿಲ್ಲ.

ಅಕ್ಕನ ರಿಜಿಸ್ಟರನ್ನು ನಾನು ಒಂದೆರಡು ಸಲ ನೋಡಿದ್ದೆ. ಅವಳು ಅದರಲ್ಲಿ ಶಾಂತವ್ವ, ಚೆನ್ನಮ್ಮ ಎಂದು ಬರೆಯುತ್ತಿರಲಿಲ್ಲ. "ನಿವೃತ್ತ ನೌಕರರ ಪತ್ನಿ, ಆದೇಶದ ಪ್ರತಿ ಕಳೆದಿದೆ, ನಕಲು ಬೇಕು, ಮೂರನೇ ಟೇಬಲ್" ಎಂದು ಬರೆಯುತ್ತಿದ್ದಳು. ಅವಳು ಮೂರು ಪ್ರಶ್ನೆ ಹೇಳಿಕೊಟ್ಟಿದ್ದರೆ ನಾನು ಒಂದಕ್ಕೆ ಉತ್ತರ ಬರೆದು ಎದ್ದಿದ್ದೆ. ಮನೆಯಲ್ಲಿ ಕಥೆ ಹೇಳಿದ್ದನ್ನು ಕಚೇರಿಗೆ ಹೊತ್ತುಕೊಂಡು ಹೋಗಿ ಬರೆದವನು ನಾನು. ಇಡೀ ಪ್ರಪಂಚದಲ್ಲಿ ಇಬ್ಬರಿಗೆ ಅರ್ಥವಾಗುವ ಪಟ್ಟಿಯನ್ನು ಬರೆದು, ಓದಲು ಎಷ್ಟು ಸುಲಭ ಎಂದು ಬೆನ್ನು ತಟ್ಟಿಕೊಂಡಿದ್ದೆ. ಈಗ ಇಬ್ಬರಲ್ಲಿ ಒಬ್ಬನೇ ಉಳಿದಿದ್ದೆ, ಅವನಿಗೂ ಚೆನ್ನಮ್ಮ ನೆನಪಿಲ್ಲ.

ಬದಲಿಸಿದೆ, ಈ ಸಲ ಇಂಗ್ಲಿಷಿನಲ್ಲಿ. "ಮೊಣಕಾಲು ನೋವಿನ ಶಾಂತವ್ವ" ಹೋಗಿ "ಅರವತ್ತು ದಾಟಿದವರು, ಎರಡನೇ ಭೇಟಿ: ಹಿರಿಯರ ಕ್ಯೂ" ಬಂತು. ಚೆನ್ನಮ್ಮನ ಗಂಡ "ಇವತ್ತೇ ಅರವತ್ತು ತುಂಬಿದವರು: ಹಿರಿಯರ ಕ್ಯೂ" ಆದ. ಪರಮೇಶಿ ಮಾಸ್ತರನ್ನು ಕೂರಿಸಬೇಕಾಯಿತು, ನಿಯಮವೇ ಬದಲಾಗಿತ್ತು. ಅಜ್ಜನ ಸಾಲಿಗೆ ಬಂದಾಗ ಕುರ್ಚಿಯಿಂದ ಎದ್ದೆ. ಮೇಡಂ ಹತ್ತಿರ ಹೋಗಿ, ಟಿಕ್ ತಪ್ಪಿದ್ದಕ್ಕೆ ರೋಗಿಯನ್ನು ತಿರಸ್ಕರಿಸುವುದು ಸರಿಯಲ್ಲ, ತಿದ್ದಲು ವಾಪಸ್ ಕಳಿಸಬೇಕು ಎಂದೆ. ಮೇಡಂ, "ಅದು ಹಾಗೇ ಅಲ್ಲವಾ ಇರಬೇಕಾದ್ದು? ಇಷ್ಟು ದಿನ ಏನು ಮಾಡುತ್ತಿತ್ತು?" ಎಂದರು. ಪ್ರೋಗ್ರಾಮನ್ನು ತಿದ್ದಿ, "ಪುರುಷ, ಗರ್ಭಿಣಿ ಎಂದು ಗುರುತು: ನೋಂದಣಿ ಕೌಂಟರಿಗೆ ವಾಪಸ್" ಎಂದು ಬರೆದೆ. ಜಗಳದಲ್ಲಿ ಅಕ್ಕ ಗೆದ್ದಳು. ಸೋತೆ ಎಂದು ಹೇಳುವುದಕ್ಕೆ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮುಗಿಯಿತು. ಇಪ್ಪತ್ತಮೂರು ಹೋಗಿ ಹದಿನೇಳು ಸಾಲು. ಅಂಜು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ಎಲ್ಲೂ ತಡವರಿಸಲಿಲ್ಲ, ಯಾರಿದು ಎಂದು ಕೇಳಲೂ ಇಲ್ಲ. "ಈಗ ಎಲ್ಲ ಗೊತ್ತಾಗುತ್ತದೆ ಚೇಟ್ಟಾ" ಎಂದಳು. ನಾನು ಎದ್ದು ಚಹಾಕ್ಕೆ ಹೊರಟೆ. ಅವಳು ಇನ್ನೂ ಪರದೆ ನೋಡುತ್ತಿದ್ದಳು.

"ಚೇಟ್ಟಾ, ಇವರೆಲ್ಲ ಒಬ್ಬೊಬ್ಬರೇ ಬಂದಿದ್ದಾರಾ?"

"ಯಾಕೆ?"

"ಬೈಸ್ಟ್ಯಾಂಡರ್ ಯಾರೂ ಇಲ್ಲವಲ್ಲ." ರೋಗಿಯ ಜೊತೆಗೆ ಬಂದವರನ್ನು ಇಲ್ಲಿನ ಆಸ್ಪತ್ರೆಗಳಲ್ಲಿ ಹಾಗೆ ಕರೆಯುತ್ತಾರೆ, ಅವರ ಕೊರಳಿಗೆ ಒಂದು ಕಾರ್ಡನ್ನೂ ಹಾಕುತ್ತಾರೆ. "ನಮ್ಮ ಅಜ್ಜಿ, ಅಮ್ಮಚ್ಚಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ನಾವು ಮೂರು ಜನ ಹೋಗುತ್ತೇವೆ. ಅಮ್ಮಚ್ಚಿ ಹಿರಿಯರ ಕ್ಯೂಗೆ ಹೋದರು, ಸರಿ. ಜೊತೆಗೆ ಹೋದವರು ಎಲ್ಲಿ ನಿಲ್ಲಬೇಕು? ಎಂಬತ್ತೊಂದರ ಆ ಅಜ್ಜ, ಅಪ್ಪೂಪ್ಪನ್, ಒಬ್ಬರೇ ಹೇಗೆ ಬಂದರು?"

ಅವಳು ತಪ್ಪು ಹುಡುಕಲು ಹೇಳಿದ್ದಲ್ಲ. ಪಟ್ಟಿ ಓದಲು ಬಂದದ್ದರಿಂದ ಅದರಲ್ಲಿ ಇಲ್ಲದ್ದು ಅವಳಿಗೆ ಕಂಡಿತು. ಆ ಪ್ರೋಗ್ರಾಂ ಬರೆದವನು ನಾನು, ಪರೀಕ್ಷೆ ಬರೆದವನೂ ನಾನು, ಕೊರಳಿಗೆ ಕಾರ್ಡು ಹಾಕಿಕೊಂಡು ಮೂರು ದಿನ ಬೆಂಚಿನ ಮೇಲೆ ಕೂತು ಕ್ಯೂಗಳನ್ನು ಲೆಕ್ಕ ಹಾಕಿದವನೂ ನಾನೇ. ಪಟ್ಟಿಯಲ್ಲಿದ್ದವರೆಲ್ಲ ಬಂದರೆಂದು ತೃಪ್ತಿಪಟ್ಟುಕೊಂಡಿದ್ದೆನೇ ಹೊರತು ನಾನು ಅದರಲ್ಲಿಲ್ಲ ಎಂದು ಹೊಳೆದಿರಲಿಲ್ಲ. ಮೇಡಂ ಆಸ್ಪತ್ರೆಯವರಿಗೆ ಬರೆದಿದ್ದಾರೆ. ನಿಯಮದಲ್ಲಿ ಹಾಗೊಂದು ಕಲಂ ಇಲ್ಲ, ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ.

ಈಗ ಪಟ್ಟಿಯಲ್ಲಿ ಹದಿನೇಳು ಸಾಲುಗಳಿವೆ, ಹದಿನೇಳೂ ಹಸಿರಾಗಿವೆ. ಜೊತೆಗೆ ಬಂದವರ ಸಾಲು ಇನ್ನೂ ಇಲ್ಲ.